ಲಾಂಗ್‌ಸ್ಪಿಲ್ ವಾದ್ಯವೂ ಐಸ್‌ಲೆಂಡಿನ ಗೇಯಕಾವ್ಯವೂ

ಐಸ್‌ಲೆಂಡ್ ದ್ವೀಪದ ಎಡ್ಡಾ ಕಾವ್ಯಗಳೂ ಸಾಗಾ ಎಂಬ ಗದ್ಯಕಥೆಗಳೂ ಪಂಡಿತಲೋಕದಲ್ಲಿ ಪ್ರಸಿದ್ಧವಾಗಿವೆ. ಅದೇ ಜನರು ಐದಾರು ಶತಮಾನಗಳ ಕಾಲ ಮನೆಮನೆಗಳಲ್ಲಿ ಹಾಡಿಕೊಂಡು ಬಂದ ಗೇಯಕಾವ್ಯವಾದರೋ ಅಷ್ಟಾಗಿ ಹೊರಗಿನವರ ವಿಚಾರಕ್ಕೆ ಬಂದಿಲ್ಲ. ಈಚೆಗೆ ಧ್ವನಿಮುದ್ರಿಕೆಗಳ ಮೂಲಕ ಆ ಹಾಡುಗಳು ದೂರದೇಶದವರ ಕಿವಿಗೂ ಬೀಳುವಂತಾಗಿವೆ. ಈ ಮುದ್ರಿಕೆಗಳಲ್ಲಿ ಅನೇಕ ವೇಳೆ ಕಂಠದ ಜೊತೆಗೆ ಲಾಂಗ್‌ಸ್ಪಿಲ್ ಎಂಬ ತಂತೀವಾದ್ಯದ ನಾದವು ಕೇಳಿಬರುತ್ತದೆ. ಒಂದು ತಂತಿಯು ರಾಗವನ್ನು ನುಡಿಯುತ್ತಿರಲು ಉಳಿದವು ಒಂದೇ ಸ್ವರವನ್ನು ಎಡೆಬಿಡದೆ ಹಿಡಿದಿರುತ್ತವೆ. ಕಮಾನಿನ ಉಜ್ಜಾಟದಿಂದ ನಾದವು ಸ್ವಲ್ಪ ಕರ್ಕಶವಾಗಿಯೂ ಇರುತ್ತದೆ. ಇದನ್ನು ಕೇಳಿದವನ ಮನಸ್ಸಿನಲ್ಲಿ ಕೂಡಲೆ ಒಂದು ಚಿತ್ರವು ಮೂಡುತ್ತದೆ: ಸಾಗಾಕಾಲದ ಕವಿಯು ಒಲೆಯ ಬೆಳಕಿನಲ್ಲಿ ಕುಳಿತು ಈ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ವೀರರ ಕಥೆಯನ್ನು ಹಾಡುತ್ತಿದ್ದನೆಂಬ ಚಿತ್ರ. ಚಿತ್ರವು ರಮ್ಯವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಅದು ಪ್ರಮಾಣಸಿದ್ಧವಾದುದೇ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಮೊದಲ ಉದ್ದೇಶ. ಎರಡನೆಯದು, ಮತ್ತು ಮುಖ್ಯವಾದುದು, ಹಾಡಲೆಂದು ಹುಟ್ಟಿದ ಕಾವ್ಯವನ್ನು ಯಾವ ಒರೆಗಲ್ಲಿಗೆ ತಿಕ್ಕಿ ನೋಡಬೇಕೆಂಬ ಪ್ರಶ್ನೆ. ಒಂದರ ಉತ್ತರವು ಇನ್ನೊಂದಕ್ಕೆ ದಾರಿಯಾಗುವುದರಿಂದ ಎರಡನ್ನೂ ಕೂಡಿಸಿಯೇ ವಿಚಾರಿಸಬೇಕಾಗಿದೆ.

ಮೊದಲು ವಾದ್ಯದ ಸ್ವರೂಪವನ್ನು ನೋಡೋಣ. ಐಸ್‌ಲೆಂಡಿನ ಭಾಷೆಯಲ್ಲಿ ‘ಲಾಂಗ್’ ಎಂದರೆ ಉದ್ದವಾದದ್ದು. ‘ಸ್ಪಿಲ್’ ಎಂದರೆ ಆಟ, ವಾದನ. ಹೆಸರಿಗೆ ತಕ್ಕಂತೆ ಇದು ಉದ್ದವಾದ, ಅಗಲ ಕಡಮೆಯಾದ ಮರದ ಪೆಟ್ಟಿಗೆ. ಕೆಲವಕ್ಕೆ ಎರಡು ಪಕ್ಕಗಳೂ ನೇರವಾಗಿರುತ್ತವೆ. ಕೆಲವಕ್ಕೆ ಒಂದು ತುದಿಯಲ್ಲಿ ಪಕ್ಕವು ಹೊರಕ್ಕೆ ಉಬ್ಬಿಕೊಂಡು ನಾದರಂಧ್ರಕ್ಕೆ ಎಡೆಮಾಡಿಕೊಡುತ್ತದೆ. ಮೇಲೆ ಒಂದರಿಂದ ಆರರವರೆಗೆ ತಂತಿಗಳು, ಸಾಮಾನ್ಯವಾಗಿ ಮೂರು. ರಾಗವನ್ನು ನುಡಿಸುವ ತಂತಿಯ ಕೆಳಗೆ ಮಾತ್ರ ಮೆಟ್ಟಿಲುಗಳಿರುತ್ತವೆ. ಮೇಜಿನ ಮೇಲೆಯೋ ತೊಡೆಯ ಮೇಲೆಯೋ ಇಟ್ಟುಕೊಂಡು, ಒಂದು ಕೈಯ ಬೆರಳಿನಿಂದ ಆ ತಂತಿಯನ್ನು ಮೆಟ್ಟಿಲಿಗೆ ಒತ್ತಿ, ಇನ್ನೊಂದು ಕೈಯಿಂದ ಕಮಾನನ್ನು ಎಳೆಯುತ್ತಾರೆ. ಬೆರಳಿನಿಂದ ಮೀಟುವುದೂ ಉಂಟು. ಮಿಕ್ಕ ತಂತಿಗಳು ಶ್ರುತಿಗಾಗಿ ಇರತಕ್ಕವು. ತಂಬೂರಿಯ ನಾದದಲ್ಲಿ ಬೆಳೆದ ನಮಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಆದರೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಆ ದ್ವೀಪಕ್ಕೆ ಹೋದ ಐರೋಪ್ಯ ಪ್ರವಾಸಿಗಳಿಗೆ ಅದು ವಿಚಿತ್ರವಾಗಿ ಕೇಳಿಸಿತು.

ಅಂತಹ ಪ್ರವಾಸಿಗಳಲ್ಲಿ ಇಬ್ಬರ ಸಾಕ್ಷ್ಯವು ನಮಗೆ ಬೇಕಾದದ್ದು. 1772ರಲ್ಲಿ ಜೋಸೆಫ್ ಬ್ಯಾಂಕ್ಸನ ಸಂಗಡ ಐಸ್‌ಲೆಂಡಿಗೆ ಹೋದ ಸ್ವೀಡನ್ ದೇಶದ ಊನೋ ಫಾನ್ ಟ್ರೋಯಿಲ್ ಎಂಬ ಪಾದ್ರಿಯು ತನ್ನ ಪತ್ರಗಳಲ್ಲಿ ಎರಡು ವಾದ್ಯಗಳನ್ನು ಹೆಸರಿಸಿದ್ದಾನೆ. ಆರು ಹಿತ್ತಾಳೆಯ ತಂತಿಗಳುಳ್ಳದ್ದು ಲಾಂಗ್‌ಸ್ಪಿಲ್. ಕುದುರೆಯ ಬಾಲದ ಕೂದಲಿನಿಂದ ಹೊಸೆದ ಎರಡು ತಂತಿಗಳುಳ್ಳದ್ದು ಫಿದ್ಲ. ಎರಡನ್ನೂ ಕಮಾನಿನಿಂದ ನುಡಿಸುತ್ತಿದ್ದರು. 1810ರಲ್ಲಿ ಅಲ್ಲಿ ಸಂಚರಿಸಿ ಮರುವರ್ಷ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಸರ್ ಜಾರ್ಜ್ ಮೆಕೆಂಝಿ ಇನ್ನೂ ವಿವರವಾಗಿ ಬರೆದಿದ್ದಾನೆ. ಅವನು ಕಂಡ ವಾದ್ಯವು ಸುಮಾರು ಮೂರಡಿ ಉದ್ದದ್ದು, ಮೂರು ಹಿತ್ತಾಳೆಯ ತಂತಿಗಳದ್ದು. ಎರಡು ತಂತಿಗಳು ಒಂದೇ ಸ್ವರಕ್ಕೂ ಮೂರನೆಯದು ಅದರ ಕೆಳಗಿನ ಸ್ಥಾಯಿಗೂ ಕೂಡಿಸಲ್ಪಟ್ಟಿದ್ದವು. ಹೆಬ್ಬೆರಳಿನ ಉಗುರಿನಿಂದ ತಂತಿಯನ್ನು ಒತ್ತುತ್ತಿದ್ದರು. ಹತ್ತಿರದಿಂದ ಕೇಳಿದರೆ ನಾದವು ಒರಟು, ಪಕ್ಕದ ಕೋಣೆಯಿಂದ ಕೇಳಿದರೆ, ಅದರಲ್ಲಿಯೂ ಎರಡು ವಾದ್ಯಗಳನ್ನು ಕೂಡಿಸಿ ಬಾರಿಸಿದರೆ, ಹಿತ ಎಂದು ಅವನ ಅಭಿಪ್ರಾಯ. ಈ ಮಾತು ವಿನೋದವಾಗಿದೆಯೆಂದು ಬಿಟ್ಟುಬಿಡಬಹುದು. ಆದರೆ ಅವನು ಅದರ ಹಿಂದೆಯೇ ಹೇಳುವ ಇನ್ನೊಂದು ಮಾತನ್ನು ಬಿಡುವಂತಿಲ್ಲ: ತಾನು ಕೇಳಿದ ರಾಗಗಳು ಮುಖ್ಯವಾಗಿ ಡೆನ್ಮಾರ್ಕ್ ಮತ್ತು ನಾರ್ವೆ ದೇಶದವು ಎಂದು.

ಪ್ರಾಚೀನ ವೀರಕಾವ್ಯದ ಸಹಚಾರಿಯೆಂದು ನಾವು ಭಾವಿಸುವ ವಾದ್ಯವು, ನಮಗೆ ದೊರೆತಿರುವ ಮೊದಮೊದಲ ವಿವರವಾದ ವರ್ಣನೆಯಲ್ಲಿಯೇ, ಹೊರನಾಡಿನ ರಾಗಗಳನ್ನು ನುಡಿಯುತ್ತ ಒಬ್ಬ ಗಣ್ಯ ಅಧಿಕಾರಿಯ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಸಾಗಾಗಳಲ್ಲಿಯೂ ಎಡ್ಡಾ ಪದ್ಯಗಳಲ್ಲಿಯೂ ಹಾರ್ಪ್ ವಾದ್ಯದ ಪ್ರಸ್ತಾಪವಿದೆ; ಆರ್ಕ್ನಿ ದ್ವೀಪಗಳ ಪ್ರಭುವಾಗಿದ್ದ ರೋಗ್ನ್‌ವಾಲ್ಡನು ಹನ್ನೆರಡನೆಯ ಶತಮಾನದಲ್ಲಿ ತನಗೆ ತಿಳಿದ ಒಂಬತ್ತು ವಿದ್ಯೆಗಳನ್ನು ಎಣಿಸುವಾಗ ಹಾರ್ಪ್ ವಾದನವನ್ನೂ ಕವಿತಾರಚನೆಯನ್ನೂ ಸೇರಿಸಿಕೊಂಡಿದ್ದಾನೆ. ಲಾಂಗ್‌ಸ್ಪಿಲಿನ ಹೆಸರು ಮಾತ್ರ ಅಲ್ಲೆಲ್ಲಿಯೂ ಇಲ್ಲ. ಅದರ ಬಂಧುಗಳನ್ನು ಹುಡುಕಬೇಕಾದರೆ ನಾರ್ವೆಯ ಲಾಂಗಲೈಕ್, ಸ್ವೀಡನ್ನಿನ ಹುಮ್ಮೆಲ್, ಜರ್ಮನಿಯ ಷೈಟ್‌ಹೋಲ್ಟ್ ಮೊದಲಾದವುಗಳ ಕಡೆಗೆ ತಿರುಗಬೇಕು. ಷೈಟ್‌ಹೋಲ್ಟನ್ನು ಪ್ರೆಟೋರಿಯಸ್ ಎಂಬ ಜರ್ಮನ್ ಸಂಗೀತಶಾಸ್ತ್ರಜ್ಞನು 1619ರಲ್ಲಿ ವರ್ಣಿಸಿದ್ದಾನೆ. ನಾರ್ವೆಯಲ್ಲಿ ದೊರೆತಿರುವ ಒಂದು ಲಾಂಗಲೈಕಿನ ಮೇಲೆ 1524 ಎಂಬ ವರ್ಷವು ಕೊರೆದಿದೆ. ಹೀಗೆ ಈ ಕುಲದ ವಾದ್ಯಗಳು ಉತ್ತರ ಐರೋಪ್ಯದಲ್ಲೆಲ್ಲ ಹರಡಿದ್ದು ಸ್ಪಷ್ಟ. ಐಸ್‌ಲೆಂಡಿನವರು ಅದಕ್ಕೆ ಕಮಾನನ್ನು ಹಿಡಿಸಿದರೆ ನಾರ್ವೆಯವರು ಮೀಟುವುದನ್ನೇ ಉಳಿಸಿಕೊಂಡರು.

ಇನ್ನು ಈ ವಾದ್ಯವು ಆ ದೇಶದಲ್ಲಿ ಯಾವ ಕೆಲಸಕ್ಕೆ ಒದಗುತ್ತಿತ್ತೆಂಬುದಕ್ಕೆ ಬಲವಾದ ಪ್ರಮಾಣವೊಂದಿದೆ. 1855ರಲ್ಲಿ ಉತ್ತರ ಐಸ್‌ಲೆಂಡಿನ ಆಕುರೇರಿ ಪಟ್ಟಣದಲ್ಲಿ ಆರಿ ಸೈಮುಂಡ್ಸೆನ್ ಎಂಬಾತನ ಲಾಂಗ್‌ಸ್ಪಿಲ್ ವಾದನದ ಕೈಪಿಡಿಯು ಅಚ್ಚಾಯಿತು. ಅದರ ದೀರ್ಘವಾದ ಶೀರ್ಷಿಕೆಯೇ ಗ್ರಂಥದ ಉದ್ದೇಶವನ್ನು ಸಾರುತ್ತದೆ: ಇಗರ್ಜಿಯಲ್ಲಿ ಹಾಡುವ ಸ್ತೋತ್ರಗಳ ರಾಗಗಳನ್ನು ಮನೆಯಲ್ಲಿಯೇ ಕಲಿಯುವುದು. ಪಾಶ್ಚಾತ್ಯ ಸ್ವರಲಿಪಿಯನ್ನು ಓದಲಾರದವರಿಗಾಗಿ ಸ್ವರಗಳನ್ನು ಅಕ್ಷರಗಳಲ್ಲಿ ಕೊಟ್ಟಿದೆ. ಕಾಲವನ್ನೂ ಗಮನಿಸಬೇಕು. 1840ರಲ್ಲಿ ರೇಕ್ಯಾವೀಕಿನ ಪ್ರಧಾನ ಇಗರ್ಜಿಗೆ ಆರ್ಗನ್ ವಾದ್ಯವು ಬಂದಿತು. ಪೇತುರ್ ಗುದ್ಯೋನ್ಸನ್ ಅದರ ವಾದಕನಾಗಿ ನಿಯಮಿತನಾಗಿ, ಹಳೆಯ ಎಳೆದಾಟದ ಹಾಡಿಕೆಯನ್ನು ಬಿಡಿಸಿ ಹೊಸ ಕ್ರಮವನ್ನು ರೂಢಿಸಲು ಜೀವಮಾನವೆಲ್ಲ ದುಡಿದನು. 1861ರಲ್ಲಿ ಅವನ ಸ್ವರಲಿಪಿಯ ಸ್ತೋತ್ರಪುಸ್ತಕವು ಹೊರಬಿದ್ದಿತು. 1594ರಲ್ಲಿ ಬಿಷಪ್ ಗುದ್‌ಬ್ರಾಂದುರ್ ಥೋರ್‌ಲಾಕ್ಸನ್ ಅಚ್ಚುಹಾಕಿಸಿ 1779ರವರೆಗೆ ಹತ್ತೊಂಬತ್ತು ಮುದ್ರಣಗಳನ್ನು ಕಂಡ ‘ಗ್ರಾದುವಾಲೆ’ ಎಂಬ ಪ್ರಾರ್ಥನಾಗ್ರಂಥದ ಕಾಲದಿಂದ ಬಾಯಿಂದ ಬಾಯಿಗೆ ಬಂದು ಬಗೆಬಗೆಯಾಗಿ ಬದಲಾಗಿದ್ದ ರಾಗಗಳು ಈ ಹೊಸ ಹೊಳೆಯಲ್ಲಿ ಕೊಚ್ಚಿಹೋದವು. ಆರ್ಗನ್ ಇಲ್ಲದ ಹಳ್ಳಿಯ ಮನೆಯಲ್ಲಿ ಸ್ತೋತ್ರದ ನಿಯತವಾದ ರಾಗವನ್ನು ಕಲಿಸುವ ಉಪಾಧ್ಯಾಯನಾಗಿ ಲಾಂಗ್‌ಸ್ಪಿಲ್ ನಿಂತಿತು. ಹಳೆಯ ಹಾಡನ್ನು ಕಾಪಾಡಿದ್ದೆಂದು ನಾವು ಇಂದು ಗೌರವಿಸುವ ವಾದ್ಯವು ಹಳೆಯ ಹಾಡನ್ನು ಹೊರದೂಡುವ ಕಾರ್ಯದಲ್ಲಿಯೂ ಕೈಹಚ್ಚಿತ್ತೆಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮಾತ್ರಕ್ಕೆ ವಾದ್ಯದ ಗೌರವವು ಕುಗ್ಗುವುದಿಲ್ಲ. ಮರವೇ ದುರ್ಲಭವಾದ, ಕಡಲಿನಲ್ಲಿ ತೇಲಿಬಂದ ದಿಮ್ಮಿಗಳನ್ನು ಕಾದಿದ್ದು ಹಿಡಿಯಬೇಕಾದ ದೇಶದಲ್ಲಿ ನಾಲ್ಕು ಹಲಗೆಗಳಿಂದ ಗೃಹಸ್ಥನು ತಾನೇ ಮಾಡಿಕೊಳ್ಳಬಹುದಾದ ವಾದ್ಯವಿದು. ಅದರ ಮಹತ್ತ್ವವು ಇಲ್ಲಿದೆ. ಇಲ್ಲದ ಪ್ರಾಚೀನತೆಯನ್ನು ಅದರ ಮೇಲೆ ಹೊರಿಸುವುದರಲ್ಲಿ ಇಲ್ಲ.

ಹಾಗಾದರೆ ಕಾವ್ಯಗಳು ಯಾವುದರೊಡನೆ ಹಾಡಲ್ಪಡುತ್ತಿದ್ದವು? ನಾರದೀಯ ಶಿಕ್ಷೆಯು ವೀಣೆಗಳು ಎರಡೆಂದು ಹೇಳುತ್ತದೆ: ಮರದಿಂದಾದ ದಾರವೀ ವೀಣೆ, ಶರೀರವೇ ಆದ ಗಾತ್ರವೀಣೆ, ಸಾಮಗಾನಕ್ಕೆ ಒದಗುವುದು ಎರಡನೆಯದು. ಈ ಹೆಸರುಗಳನ್ನು ಇಲ್ಲಿ ತಂದದ್ದು ವಿವರಣೆಯ ಸೌಕರ್ಯಕ್ಕಾಗಿ ಮಾತ್ರ. ಎರಡು ದೇಶಗಳಲ್ಲಿ ಹೋಲಿಕೆ ಕಂಡಕೂಡಲೆ ರಕ್ತಸಂಬಂಧವನ್ನು ಹೇಳಿಬಿಡುವ ಚಾಪಲ್ಯವು ವಿದ್ವಾಂಸರಲ್ಲಿಯೂ ಉಂಟಾದ್ದರಿಂದ ಈ ಮಾತನ್ನು ಸ್ಪಷ್ಟಪಡಿಸಬೇಕಾಯಿತು. ಐಸ್‌ಲೆಂಡಿನ ಗೇಯಕಾವ್ಯವೆಲ್ಲ ಮುಖ್ಯವಾಗಿ ಗಾತ್ರವೀಣೆಯ ಕಾವ್ಯ. ಅದರಲ್ಲಿ ಎರಡು ದೊಡ್ಡ ಪ್ರಭೇದಗಳಿವೆ.

ಮೊದಲನೆಯದು ಸ್ಕಾಂಡಿನೇವಿಯಾ ದೇಶಗಳಿಗೆಲ್ಲ ಸಮಾನವಾದ ಕಥನಗೀತೆ. ಡೆನ್ಮಾರ್ಕಿನಲ್ಲಿ ವೇಡೆಲ್ ಎಂಬ ಪಂಡಿತನು 1591ರಲ್ಲಿಯೇ ಇಂತಹ ನೂರು ಗೀತೆಗಳನ್ನು ಅಚ್ಚುಹಾಕಿಸಿದನು. ಸ್ವೀಡನ್ನಿನಲ್ಲಿ ಗೇಯೆರ್ ಮತ್ತು ಆಫ್ಸೇಲಿಯುಸ್ ಇವರ ಸಂಗ್ರಹವು 1814ರಿಂದ ಹೊರಟಿತು; ನಾರ್ವೆಯಲ್ಲಿ ಲಾಂಡ್‌ಸ್ಟಾಡ್ ಪಾದ್ರಿಯ ಸಂಗ್ರಹವೂ ಡೆನ್ಮಾರ್ಕಿನಲ್ಲಿ ಸ್ವೆನ್ ಗ್ರುಂಟ್‌ವಿಗ್ ಆರಂಭಿಸಿದ ಮಹಾಸಂಗ್ರಹವೂ 1853ರಲ್ಲಿ ಮೊದಲಾದವು. ಈ ಕಡೆಯದು ಪೂರ್ತಿಯಾದದ್ದು 1976ರಲ್ಲಿ. ಅದೇ ಗ್ರುಂಟ್‌ವಿಗ್ ಐಸ್‌ಲೆಂಡಿನ ಯೋನ್ ಸಿಗುರ್ದ್‌ಸನ್ನನ ಜೊತೆಗೂಡಿ 1854ರಿಂದ 1885ರವರೆಗೆ ಐಸ್‌ಲೆಂಡಿನ ಗೀತೆಗಳನ್ನೂ ಪ್ರಕಟಿಸಿದನು. ಐಸ್‌ಲೆಂಡಿನಲ್ಲಿ ಇವಕ್ಕೆ ‘ಸಾಗ್ನಾದಾನ್ಸಾರ್’ ಎಂದು ಹೆಸರು, ಎಂದರೆ ಕಥಾನೃತ್ಯಗಳು. ಕೈಕೈ ಹಿಡಿದು ಕುಣಿಯುತ್ತ ಹಾಡುತ್ತಿದ್ದ ಗೀತೆಗಳವು. ಆ ಕುಣಿತವು ಐಸ್‌ಲೆಂಡಿನಲ್ಲಿ ಪಾದ್ರಿಗಳ ವಿರೋಧದಿಂದ ಕ್ಷೀಣಿಸಿತು. ಫೇರೋ ದ್ವೀಪಗಳಲ್ಲಿ ಈಗಲೂ ಉಳಿದಿದೆ. ಅಲ್ಲಿ ನೂರಾರು ಪದ್ಯಗಳ ಗೀತೆಯನ್ನು ವರ್ತುಲಾಕಾರವಾಗಿ ನಿಂತು ಹಾಡುತ್ತ ಕುಣಿಯುವಾಗ ಒಂದು ತಂತಿಯೂ ಇಲ್ಲ, ಒಂದು ಕೊಳಲೂ ಇಲ್ಲ. ಕಂಠವೇ ರಾಗ, ಹೆಜ್ಜೆಯೇ ತಾಳ.

ಈ ಗೀತೆಗಳು ಐಸ್‌ಲೆಂಡಿನಲ್ಲಿ ಹೊರಗಿನಿಂದ ಬಂದವೆಂಬುದಕ್ಕೆ ಛಂದಸ್ಸೇ ಸಾಕ್ಷಿ. ಆ ದೇಶದ ಪದ್ಯಕ್ಕೆಲ್ಲ ಅಕ್ಷರಮೈತ್ರಿಯು ಪ್ರಾಣ: ಒಂದು ಪಾದದಲ್ಲಿ ಎರಡು ಕಡೆ ಪದಾದಿಯಲ್ಲಿ ಬಂದ ವ್ಯಂಜನವು ಮುಂದಿನ ಪಾದದ ಮೊದಲಿನಲ್ಲಿ ಬರಲೇಬೇಕು, ಸ್ವರಾಕ್ಷರವಾದರೆ ಯಾವ ಸ್ವರಕ್ಕೆ ಯಾವ ಸ್ವರವಾದರೂ ಸಲ್ಲುತ್ತದೆ. ತೆಲುಗಿನ ‘ವಡಿ’ಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಥಾನೃತ್ಯಗಳಲ್ಲಿಯಾದರೋ ಈ ನಿಯಮವು ಸಡಿಲ. ಅಂತ್ಯಪ್ರಾಸವೂ ಎಷ್ಟೋ ವೇಳೆ ಸ್ವರಸಾಮ್ಯದಲ್ಲಿಯೇ ತೃಪ್ತಿಪಡುತ್ತದೆ. ಪದ್ಯವನ್ನು ಇಷ್ಟು ಬಿಗಿಯಾಗಿ ಕಟ್ಟುತ್ತಿದ್ದ ಜನರು ಈ ಸಡಿಲವಾದ ಗೀತೆಗಳನ್ನು ತಿದ್ದದೆ ಏಕೆ ಉಳಿಸಿಕೊಂಡರು? ಓದುವ ಪದ್ಯವೆಂದು ಅವನ್ನು ಎಣಿಸಲಿಲ್ಲವೆಂದೇ ತೋರುತ್ತದೆ.

ಉದಾಹರಣೆಗೆ ಓಲಾವುರ್ ಲಿಲ್ಯುರೋಸ್ ಎಂಬ ಗೀತೆಯನ್ನು ತೆಗೆದುಕೊಳ್ಳಬಹುದು. ಗಿಸ್ಸುರ್ ಸ್ವೇನ್ಸನ್ ಪಾದ್ರಿಯು 1665ರಲ್ಲಿ ಬರೆದಿಟ್ಟ ಹಸ್ತಪ್ರತಿಯಲ್ಲಿ ಇದು ದೊರೆಯುತ್ತದೆ. ಡೆನ್ಮಾರ್ಕಿನ ಪಾಠದಲ್ಲಿ ಓಲೂಫನು ತನ್ನ ಮದುವೆಗೆ ನೆಂಟರನ್ನು ಕರೆಯಲು ಹೊರಟಿರುತ್ತಾನೆ. ದಾರಿಯಲ್ಲಿ ಯಕ್ಷಿಣಿಯರು ಕುಣಿಯುತ್ತಿರುತ್ತಾರೆ. ಯಕ್ಷರಾಜನ ಮಗಳು ಕುಣಿತಕ್ಕೆ ಕರೆಯುತ್ತಾಳೆ, ಕಾಣಿಕೆಗಳನ್ನು ಒಡ್ಡುತ್ತಾಳೆ. ಅವನು ಒಪ್ಪದಿರಲು ಹೊಡೆಯುತ್ತಾಳೆ. ಮರುದಿನ ವಧುವು ಬಂದು ಅವನ ಹೆಣವನ್ನು ಕಾಣುತ್ತಾಳೆ. ಈ ಪಾಠವನ್ನು ಜರ್ಮನಿಯ ಹೆರ್ಡರ್ ತನ್ನ ಭಾಷೆಗೆ ತಿರುಗಿಸಿದನು. ಗಯಟೆಯ 1782ರ ಪ್ರಸಿದ್ಧ ಕವಿತೆಯೊಂದಕ್ಕೆ ಅದೇ ಪ್ರೇರಣೆ. ಐಸ್‌ಲೆಂಡಿನ ಪಾಠದಲ್ಲಿ ಮದುವೆಯಿಲ್ಲ, ಕಾಣಿಕೆಯಿಲ್ಲ, ಕುಣಿತವೂ ಇಲ್ಲ. ಓಲಾವುರ್ ಬಂಡೆಗಳ ಪಕ್ಕದಲ್ಲಿ ಕುದುರೆಯ ಮೇಲೆ ಹೋಗುತ್ತಿರಲು ಯಕ್ಷಿಣಿಯರು ಒಬ್ಬರ ಹಿಂದೆ ಒಬ್ಬರು ಹೊರಬರುತ್ತಾರೆ. ನಮ್ಮೊಡನೆ ಇದ್ದುಬಿಡು ಎನ್ನುತ್ತಾರೆ. ತಾನು ಕ್ರಿಸ್ತನನ್ನು ನಂಬಿದವನೆಂದು ಅವನು ಒಲ್ಲನು. ಹಾಗಾದರೆ ಒಂದು ಮುತ್ತನ್ನಾದರೂ ಕೊಟ್ಟು ಹೋಗು ಎಂಬ ಮಾತಿಗೆ ಅರೆಮನಸ್ಸಿನಿಂದ ಕುದುರೆಯಿಂದ ಬಾಗುತ್ತಾನೆ. ಆ ಕ್ಷಣದಲ್ಲಿ ಅವಳು ಇರಿಯುತ್ತಾಳೆ. ಮನೆಗೆ ಬಂದು ತಾಯಿಯ ಬಾಗಿಲನ್ನು ತಟ್ಟಿ ಹಾಸಿಗೆ ಹಾಸಲು ಹೇಳಿ ಸಾಯುತ್ತಾನೆ. ಕೊನೆಯಲ್ಲಿ ಹಾಡುವವನು ಸಂತ ಮರಿಯಳ ರಕ್ಷೆಯನ್ನು ಬೇಡಿ ಮುಗಿಸುತ್ತಾನೆ. ಐಸ್‌ಲೆಂಡಿನಲ್ಲಿ ಮತಪರಿವರ್ತನೆಯು ಪೂರ್ಣವಾದದ್ದು 1550ರಲ್ಲಾದ್ದರಿಂದ, ಈ ಬೇಡಿಕೆಯು ಗೀತೆಯ ಹುಟ್ಟನ್ನು ಅದಕ್ಕೂ ಹಿಂದಕ್ಕೆ ಕೊಂಡೊಯ್ಯುತ್ತದೆಂದು ಊಹಿಸಬಹುದು.

ಎರಡು ಪಾಠಗಳಲ್ಲಿ ಡೆನ್ಮಾರ್ಕಿನದು ಸಂವಿಧಾನದಲ್ಲಿ ಮೇಲೆಂದು ಓದುವವರು ಹೇಳಬಹುದು. ಆದರೆ ಐಸ್‌ಲೆಂಡಿನ ಗೀತೆಗೆ ಒಂದು ಪಲ್ಲವಿಯಿದೆ. ಪ್ರತಿಯೊಂದು ಪದ್ಯದ ಪಾದಗಳ ನಡುವೆಯೂ ಕೊನೆಯಲ್ಲಿಯೂ ಅದು ಮರಳಿ ಮರಳಿ ಬರುತ್ತದೆ: ಅಲ್ಲಿ ಒಂದು ಕೆಂಪು ಜ್ವಾಲೆ, ಬಂಡೆಗಳ ಅಡಿಯಿಂದ ಬೀಸಿಬರುವ ಮೆಲುಗಾಳಿ. ಕಥೆಗೂ ಅದಕ್ಕೂ ವಾಚ್ಯವಾಗಿ ಯಾವ ಸಂಬಂಧವೂ ಇಲ್ಲ. ಅಚ್ಚು ಹಾಕುವವರು ಇಂತಹ ಪಲ್ಲವಿಯನ್ನು ಮೊದಲ ಪದ್ಯದಲ್ಲಿ ಒಮ್ಮೆ ಕೊಟ್ಟು ಮುಂದೆ ಬಿಟ್ಟುಬಿಡುವುದು ರೂಢಿ. ಕಾಗದವು ಉಳಿಯುತ್ತದೆ, ಗೀತೆಯು ಅಳಿಯುತ್ತದೆ. ಹಾಡಿದಾಗ ಆಗುವುದೇ ಬೇರೆ. ಯಕ್ಷಿಣಿಯು ಕರೆಯುವಾಗಲೂ ಆ ಗಾಳಿ, ಇರಿಯುವಾಗಲೂ ಆ ಗಾಳಿ, ತಾಯಿಯು ಹಾಸಿಗೆ ಹಾಸುವಾಗಲೂ ಅದೇ ಮೆಲುಗಾಳಿ. ಮನುಷ್ಯನ ಸಾವನ್ನು ಲೆಕ್ಕಿಸದ ಪ್ರಕೃತಿಯ ತಾಟಸ್ಥ್ಯವು ಇಲ್ಲಿ ವ್ಯಂಗ್ಯವಾಗಿ ಹೊರಡುತ್ತದೆ. ಆನಂದವರ್ಧನನ ಮಾರ್ಗದಲ್ಲಿ ನಡೆದವರು ಇದನ್ನು ಧ್ವನಿಯೆನ್ನದೆ ಬೇರೇನೆಂದಾರು? ಈ ಧ್ವನಿಯು ಆವೃತ್ತಿಯಿಂದ ಹುಟ್ಟಿದ್ದು. ಆವೃತ್ತಿಯು ಕಂಠದಿಂದ ಬಂದದ್ದು. ಪುಟದ ಮೇಲೆ ಪಾಠಗಳನ್ನು ತೂಗಿ ನೋಡುವ ವಿಮರ್ಶಕನ ತಕ್ಕಡಿಗೆ ಅದು ಬೀಳುವುದೇ ಇಲ್ಲ.

ಎರಡನೆಯ ಪ್ರಭೇದವು ರೀಮುರ್. ಇದು ಐಸ್‌ಲೆಂಡಿನ ಸ್ವಂತ ಸೊತ್ತು. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದ ಫ್ಲಾತೇಯರ್‌ಬೋಕ್ ಎಂಬ ಮಹಾ ಹಸ್ತಪ್ರತಿಯಲ್ಲಿ ಐನಾರ್ ಗಿಲ್ಸನ್ ಕವಿಯದೊಂದು ದೊರೆಯುತ್ತದೆ. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಸಂತತವಾಗಿ ಬೆಳೆಯಿತು. ಸಾಗಾಗಳ ಮತ್ತು ಶೌರ್ಯಕಥೆಗಳ ವಸ್ತುವನ್ನು ಸರ್ಗಸರ್ಗವಾಗಿ ಪದ್ಯರೂಪದಲ್ಲಿ ಹೇಳುವ ದೀರ್ಘಕಾವ್ಯಗಳಿವು. ಪ್ರತಿ ಸರ್ಗದ ಮೊದಲಲ್ಲಿ ಕವಿಯು ಸ್ತ್ರೀಯರನ್ನು ಕುರಿತೋ ತನ್ನ ದುರ್ದೆಶೆಯನ್ನು ಕುರಿತೋ ಕೆಲವು ಪದ್ಯಗಳನ್ನು ಹೇಳಿಕೊಳ್ಳುವುದು ಪದ್ಧತಿ. ಕತ್ತಿ, ಹಡಗು, ಚಿನ್ನ, ಹೆಣ್ಣು ಮೊದಲಾದವನ್ನು ನೇರವಾಗಿ ಹೆಸರಿಸದೆ ‘ಕೆನ್ನಿಂಗ್’ ಎಂಬ ರೂಪಕಸಮಾಸಗಳಿಂದ ಸೂಚಿಸುತ್ತಾರೆ. ಹದಿಮೂರನೆಯ ಶತಮಾನದ ಸ್ನೋರಿಯ ಎಡ್ಡಾಗ್ರಂಥದಲ್ಲಿ ಇದಕ್ಕೊಂದು ನಿಘಂಟುಪ್ರಾಯವಾದ ಭಾಗವೇ ಇದೆ. ಅಮರವನ್ನು ಕಂಠಪಾಠ ಮಾಡಿದವನಿಗೆ ಆ ಭಾಗವು ಅಪರಿಚಿತವಾಗಿ ತೋರದು. ಛಂದೋವೈವಿಧ್ಯವೂ ಅಪಾರ. ಕೊನೆಯಿಂದ ಮೊದಲಿಗೆ ಓದಿದರೂ ಪ್ರಾಸವೂ ಅಕ್ಷರಮೈತ್ರಿಯೂ ಕೆಡದಂತೆ ಕಟ್ಟುವ ‘ಸ್ಲೆತ್ತುಬೋಂದ್’ ಎಂಬ ಬಂಧವಿದೆ. ನಮ್ಮ ಚಿತ್ರಕಾವ್ಯದ ಗತಪ್ರತ್ಯಾಗತವನ್ನು ಅದು ನೆನಪಿಗೆ ತರುತ್ತದೆ.

ಈ ಕಾವ್ಯವನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ಪ್ರತ್ಯೇಕವಾದ ಧಾತುವಿದೆಯೆಂಬುದು ವಿಶೇಷ. ಸ್ತೋತ್ರವನ್ನು ಹಾಡುವುದು ‘ಸಿಂಗ್ಯಾ’. ರೀಮುರನ್ನು ಹೇಳುವುದು ‘ಕ್ವೇದಾ’. ಹೇಳುವವನು ಕ್ವೈದಾಮಾದುರ್, ಅವನು ಹಿಡಿಯುವ ರಾಗ ‘ಸ್ಟೆಮ್ಮ’. ಹಾಡಿಗೂ ಓದಿಗೂ ನಡುವಿನ ಈ ಮಾರ್ಗದಲ್ಲಿ ಮಾತಿನ ಒತ್ತು ಮುಂದೆ, ಸ್ವರವು ಅದರ ಹಿಂದೆ. ಪದ್ಯದ ಕೊನೆಯ ಸ್ವರವನ್ನು ಮಾತ್ರ ನೀಳವಾಗಿ ಎಳೆಯುತ್ತಾರೆ. ಚಳಿಗಾಲದ ದೀರ್ಘರಾತ್ರಿಗಳಲ್ಲಿ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಉಣ್ಣೆಯನ್ನು ಹಿಂಜುತ್ತ, ನೂಲುತ್ತ, ಹೆಣೆಯುತ್ತ ಇರುವಾಗ ಒಬ್ಬನು ಕಾವ್ಯವನ್ನು ಹೇಳುತ್ತಿದ್ದನು. ಆ ಎಳೆದ ಸ್ವರದಲ್ಲಿ ಕೇಳುವವರೂ ದನಿಗೂಡಿಸುತ್ತಿದ್ದರು. ಎಲ್ಲರ ಕೈಗಳೂ ಕೆಲಸದಲ್ಲಿ ತೊಡಗಿರುವ ಇಂತಹ ಸಭೆಯಲ್ಲಿ ಕಮಾನನ್ನು ಹಿಡಿಯುವವರು ಯಾರು? ಪದ್ಯದಿಂದ ಪದ್ಯಕ್ಕೆ ಮಾತಿನ ಓಟಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಈ ಸ್ವರಗಳು ಲಾಂಗ್‌ಸ್ಪಿಲಿನ ನಾಟಿದ ಮೆಟ್ಟಿಲುಗಳಿಗೆ ಹೇಗೆ ಅಳವಟ್ಟಾವು?

ಈಗ ವಿಮರ್ಶೆಯ ವಿಷಯಕ್ಕೆ ಬರೋಣ. 1837ರಲ್ಲಿ ಐಸ್‌ಲೆಂಡಿನ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ವಿಮರ್ಶೆಯು ‘ಫ್ಯೋಲ್ನಿರ್’ ಪತ್ರಿಕೆಯಲ್ಲಿ ಬಂದಿತು. ಬರೆದವನು ನವೋದಯದ ಶ್ರೇಷ್ಠಕವಿ ಯೋನಾಸ್ ಹಾಲ್‌ಗ್ರಿಮ್ಸನ್. ವಿಮರ್ಶೆಗೆ ಗುರಿಯಾದವನು ಜನಪ್ರಿಯನಾದ ರೀಮುರ್ ಕವಿ ಸಿಗುರ್ದುರ್ ಬ್ರೇದ್‌ಫ್ಯೋರ್ದ್, 1831ರಲ್ಲಿ ಅಚ್ಚಾದ ಅವನ ತ್ರಿಸ್ತಾನ್ ಕಾವ್ಯ. ಯೋನಾಸನ ವಾದದ ತಾತ್ಪರ್ಯವಿಷ್ಟು: ಕಥಾವಸ್ತುವು ಹುರುಳಿಲ್ಲದ್ದು, ಕೆನ್ನಿಂಗುಗಳು ಅರ್ಥಕ್ಕಾಗಿ ಬಾರದೆ ಪ್ರಾಸಕ್ಕಾಗಿ ಬಂದಿವೆ, ಭಾವವಿಲ್ಲ, ಇಂತಹ ಪದ್ಯಗಳು ಜನರ ಕಾವ್ಯರುಚಿಯನ್ನು ಕೆಡಿಸುತ್ತವೆ. ಈ ಒಂದು ಲೇಖನದಿಂದ ವಿದ್ಯಾವಂತರ ಮಂಡಲದಲ್ಲಿ ರೀಮುರಿಗೆ ತಲೆಯೆತ್ತಲಾರದ ಪೆಟ್ಟು ಬಿದ್ದಿತು. ಇದಕ್ಕೆ ಇನ್ನೂರೈವತ್ತು ವರ್ಷ ಮೊದಲು, 1589ರ ಸ್ತೋತ್ರಪುಸ್ತಕದ ಮುನ್ನುಡಿಯಲ್ಲಿ, ಬಿಷಪ್ ಗುದ್‌ಬ್ರಾಂದುರನೂ ರೀಮುರನ್ನು ಖಂಡಿಸಿದ್ದನು. ಆದರೆ ಆತನು ಜನರ ಮನಸ್ಸನ್ನು ಬಲ್ಲವನು. 1612ರ ತನ್ನ ಪದ್ಯಸಂಕಲನದಲ್ಲಿ ಬೈಬಲಿನ ಕಥೆಗಳನ್ನೇ ರೀಮುರ್ ಛಂದಸ್ಸಿನಲ್ಲಿ ಬರೆಯಿಸಿ ಸೇರಿಸಿದನು. ಧರ್ಮಾಧಿಕಾರಿಯು ವಸ್ತುವನ್ನು ದೂಷಿಸಿ ರೂಪವನ್ನು ಉಳಿಸಿಕೊಂಡನು; ಕವಿಯು ರೂಪಕ್ಕೇ ಕೊಡಲಿಯ ಪೆಟ್ಟು ಕೊಟ್ಟನು.

ಯೋನಾಸನ ಆಕ್ಷೇಪಗಳಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಸಾವಿರಾರು ರೀಮುರ್ ಪದ್ಯಗಳಲ್ಲಿ ಪಾದಪೂರಣಕ್ಕೆಂದೇ ಬಂದವು ಎಷ್ಟೋ ಇವೆ. ಕಂಠವು ಇಂಪಾಗಿದ್ದ ಮಾತ್ರಕ್ಕೆ ಕೆಟ್ಟ ಪದ್ಯವು ಒಳ್ಳೆಯದಾಗುವುದಿಲ್ಲ. ಅವನ ದೋಷವು ಬೇರೆಯದು. ಕೇಳಲೆಂದು ಮಾಡಿದ್ದನ್ನು ಅವನು ಓದಿ ತೀರ್ಪುಕೊಟ್ಟನು. ಎಂಟು ಗಂಟೆಗಳ ಕತ್ತಲೆಯಲ್ಲಿ ಕೈಗೆಲಸ ಮಾಡುತ್ತಿರುವವರಿಗೆ ಕಥೆಯು ವೇಗವಾಗಿ ಓಡಬೇಕೆಂಬ ಆತುರವಿಲ್ಲ. ಪುಟದಲ್ಲಿ ಭಾರವೆನಿಸುವ ಕೆನ್ನಿಂಗು ಕಿವಿಗೆ ವಿಶ್ರಾಂತಿಸ್ಥಾನ; ಕೇಳುವವನು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹೇಳುವವನು ಸ್ವರವನ್ನು ಎಳೆದು ಕಾಯುತ್ತಾನೆ. ಅಕ್ಷರಮೈತ್ರಿಯು ಹೇಳುವವನಿಗೆ ಒತ್ತು ಎಲ್ಲಿ ಬೀಳಬೇಕೆಂಬುದನ್ನು ತೋರಿಸುವ ಕಂಬ. ಇವೆಲ್ಲ ಅಲಂಕಾರವೆಂದು ಕಂಡದ್ದು ಓದುಗನಾದ ಯೋನಾಸನಿಗೆ. ಪ್ರಯೋಗದಲ್ಲಿ ಇವು ಅಂಗಗಳು. ಅಂಗವನ್ನು ಆಭರಣವೆಂದು ಭ್ರಮಿಸಿ ತೆಗೆದುಹಾಕಲು ಹೇಳಿದಂತಾಯಿತು.

ವಿಧಿಯು ಯೋನಾಸನಿಗೆ ಇತ್ತ ಉತ್ತರವು ಸ್ವಾರಸ್ಯವಾಗಿದೆ. 1835ರಲ್ಲಿ ಅದೇ ಫ್ಯೋಲ್ನಿರಿನ ಮೊದಲ ಸಂಪುಟದಲ್ಲಿ ಅವನು ‘ಈಸ್‌ಲಾಂಡ್’ ಎಂಬ ದೇಶಭಕ್ತಿಯ ಕವಿತೆಯನ್ನು ಪ್ರಕಟಿಸಿದ್ದನು. ಛಂದಸ್ಸು ಐಸ್‌ಲೆಂಡಿನದಲ್ಲ, ಗ್ರೀಕ್ ಮತ್ತು ಲ್ಯಾಟಿನ್ ಕವಿಗಳ ದ್ವಿಪದಿ. ಹೊಸ ಕಾವ್ಯವು ಹೇಗಿರಬೇಕೆಂದು ತೋರಿಸುವ ಕವಿತೆಯದು. ಜನರು ಅದನ್ನು ಒಪ್ಪಿಕೊಂಡರು. ಒಪ್ಪಿಕೊಂಡು, ತಮ್ಮ ಹಳೆಯ ‘ಟ್ವೀಸೊಂಗುರ್’ ಪದ್ಧತಿಯಲ್ಲಿ ಹಾಡಿಬಿಟ್ಟರು! ಟ್ವೀಸೊಂಗುರ್ ಎಂದರೆ ದ್ವಿಕಂಠಗಾನ. ಒಂದು ದನಿಯು ರಾಗವನ್ನು ಹಿಡಿದರೆ ಇನ್ನೊಂದು ಅದರಿಂದ ಷಡ್ಜಪಂಚಮದ ಅಂತರದಲ್ಲಿ ಜೊತೆಜೊತೆಯಾಗಿ ಸಾಗಿ, ನಡುವೆ ಒಂದನ್ನೊಂದು ದಾಟಿ ಮೇಲಿನದು ಕೆಳಗೂ ಕೆಳಗಿನದು ಮೇಲೂ ಆಗುತ್ತದೆ. ಐರೋಪ್ಯದ ಇತರ ಭಾಗಗಳಲ್ಲಿ ಮಧ್ಯಯುಗದ ಕೊನೆಗೇ ಸಂಗೀತಶಾಸ್ತ್ರಜ್ಞರಿಂದ ನಿಷಿದ್ಧವಾದ ಸಮಾಂತರ ಪಂಚಮಗಳು ಈ ದ್ವೀಪದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂದವು. ಇದರ ಸ್ವರಪಂಕ್ತಿಯು ಅನೇಕ ವೇಳೆ ‘ಲಿಡಿಯನ್’ ಎಂಬುದು. ಅದರಲ್ಲಿ ಮಧ್ಯಮವು ಪ್ರತಿಮಧ್ಯಮ, ನಮ್ಮ ಮೇಚಕಲ್ಯಾಣಿಯ ಸ್ವರಗಳೇ. ಯೋನಾಸನ ದ್ವಿಪದಿಗಳು ಹೀಗೆ ಹಳೆಯ ಕಂಠದಲ್ಲಿ ಸೇರಿಹೋಗಿ ಜಾನಪದ ಗೀತಸಂಗ್ರಹಕ್ಕೇ ಹತ್ತಿಕೊಂಡವು. ಕಂಠದ ಸಂಪ್ರದಾಯವನ್ನು ಗಣಿಸದ ಕವಿಯ ಪದ್ಯಗಳಿಗೆ ಆ ಕಂಠವೇ ಮನೆಯಾಯಿತು.

ಆ ಸಂಗ್ರಹವನ್ನು ಮಾಡಿದವನು ಬ್ಯಾರ್ನಿ ಥೋರ್‌ಸ್ಟೇನ್ಸನ್ (1861–1938), ಉತ್ತರದ ಸಿಗ್ಲುಫ್ಯೋರ್ದುರ್ ಎಂಬ ಮೀನುಗಾರರ ಊರಿನ ಪಾದ್ರಿ. 1906ರಿಂದ 1909ರವರೆಗೆ ಕೋಪನ್‌ಹೇಗನ್ನಿನಲ್ಲಿ ಅಚ್ಚಾದ ಅವನ ‘ಐಸ್‌ಲೆಂಡಿನ ಜಾನಪದ ರಾಗಗಳು’ ಎಂಬ ಗ್ರಂಥವು ಒಂಬೈನೂರು ಪುಟಗಳನ್ನು ಮೀರಿದ್ದು. ದ್ವಿಕಂಠಗಾನಗಳು, ಹಳೆಯ ಸ್ತೋತ್ರಗಳು, ಕಥಾನೃತ್ಯಗಳು, ರೀಮುರಿನ ಸ್ಟೆಮ್ಮಗಳು ಎಲ್ಲವೂ ಅದರಲ್ಲಿವೆ. ಲಾಂಗ್‌ಸ್ಪಿಲ್ ಮತ್ತು ಫಿದ್ಲಗಳ ವಿಚಾರವೂ ಇದೆ. ಇಗರ್ಜಿಗಾಗಿ ಹೊಸ ಹಬ್ಬದ ಗೀತೆಗಳನ್ನು ರಚಿಸಿದ ಈತನೇ ಹೊಸತರಿಂದ ಅಳಿಯುತ್ತಿದ್ದ ಹಳೆಯದನ್ನೂ ಬರೆದಿಟ್ಟದ್ದು ಒಂದು ಪ್ರಾಯಶ್ಚಿತ್ತದಂತೆ ಕಾಣುತ್ತದೆ. ಆದರೆ ಅವನ ಸಾಧನವೂ ಸ್ವರಲಿಪಿಯೇ. ಐದು ಗೆರೆಗಳ ಮೇಲೆ ಕೂಡಿಸಿದ ಸ್ವರವು ಮೆಟ್ಟಿಲಿನ ಸ್ವರದಂತೆಯೇ ನಿಶ್ಚಲ. ಕ್ವೈದಾಮಾದುರನ ದನಿಯು ಅವೆರಡರ ನಡುವೆ ಜಾರುವ ಎಡೆಗಳು ಅದರಲ್ಲಿ ಸಿಕ್ಕುವುದಿಲ್ಲ. 1903ರಿಂದ 1912ರವರೆಗೆ ಯೋನ್ ಪಾಲ್ಸನ್ ಮೇಣದ ಉರುಳೆಗಳಲ್ಲಿ ಹಿಡಿದ ದನಿಗಳೂ, 1929ರಲ್ಲಿ ರೇಕ್ಯಾವೀಕಿನಲ್ಲಿ ಸ್ಥಾಪಿತವಾದ ಈದುನ್ ಎಂಬ ಕಾವ್ಯವಾಚಕರ ಸಂಘವು 1935–36ರಲ್ಲಿ ಮುದ್ರಿಸಿಕೊಂಡ ಇನ್ನೂರು ಸ್ಟೆಮ್ಮಗಳೂ ಆದಕಾರಣ ಗ್ರಂಥಕ್ಕಿಂತ ಹೆಚ್ಚಿನ ಪ್ರಮಾಣಗಳು. ಈ ಇನ್ನೂರು 2004ರಲ್ಲಿ ಸಾರ್ವಜನಿಕರಿಗೆ ದೊರೆಯುವಂತೆ ಪ್ರಕಟವಾದವು.

ಸಾಮಗಾನವನ್ನು ಕೇಳುತ್ತ ಬೆಳೆದ ಕಿವಿಯಿಂದ ನಾನು ಆ ಮುದ್ರಣಗಳಲ್ಲಿ ಕೆಲವನ್ನು ಕೇಳಿದ್ದೇನೆ. ವಾದ್ಯವಿಲ್ಲ. ಮುದುಕರ, ಹೆಂಗಸರ ಬರಿಯ ಕಂಠ. ಒಂದೊಂದು ಪದ್ಯವೂ ಅರೆನಿಮಿಷದೊಳಗೆ ಮುಗಿಯುತ್ತದೆ. ಮೊದಲು ಕೇಳಿದಾಗ ಎಲ್ಲ ಒಂದೇ ಬಗೆಯೆನಿಸಿತು. ನಾಲ್ಕನೆಯ ಸಲ ಅಕ್ಷರಮೈತ್ರಿಯ ಸ್ಥಾನಗಳಲ್ಲಿ ದನಿಯು ಗಟ್ಟಿಯಾಗುವುದೂ, ಕೊನೆಯ ಸ್ವರವು ಎಳೆದು ಸ್ವಲ್ಪ ಕುಗ್ಗಿ ನಿಲ್ಲುವುದೂ ತಿಳಿಯಿತು. ಭಾಷೆಯನ್ನು ಅರಿಯದವನಿಗೂ ಪದ್ಯದ ಕಟ್ಟು ಕಿವಿಯಿಂದಲೇ ತಿಳಿಯುತ್ತದೆಂದರೆ ರಚನೆಯು ಯಾರಿಗಾಗಿ ಆದದ್ದೆಂಬುದರಲ್ಲಿ ಸಂಶಯವೇನುಳಿಯಿತು?

ಇಂದಿನ ಗಾಯಕರು ಲಾಂಗ್‌ಸ್ಪಿಲ್ ಹಿಡಿದು ಹಾಡುವುದನ್ನು ಆಕ್ಷೇಪಿಸಬೇಕೆ ಎಂದು ಕೆಲವರು ಕೇಳಬಹುದು. ಆಕ್ಷೇಪಿಸಲು ಕಾರಣವಿಲ್ಲ. ಅನ್ನಾ ಥೋರ್‌ಹಾಲ್ಸ್‌ದೋತ್ತಿರ್ (1904–1998) ಎಂಬ ಗಾಯಕಿಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಾಂಗ್‌ಸ್ಪಿಲನ್ನು ತಾನೇ ನುಡಿಸಿಕೊಂಡು ಹಾಡಿ, ಜನರು ಮರೆತಿದ್ದ ವಾದ್ಯವನ್ನು ಮತ್ತೆ ಕಿವಿಗೆ ತಂದಳು. ಅವಳ ಉಪಕಾರವು ದೊಡ್ಡದು. ಸ್ತೋತ್ರಗಳಿಗೂ, ಮೆಕೆಂಝಿ ಕೇಳಿದಂತಹ ಡೆನ್ಮಾರ್ಕಿನ ರಾಗಗಳಿಗೂ ಅದು ಸಹಜವಾದ ಸಂಗಾತಿಯೇ. ಕಥಾನೃತ್ಯದ ಪಲ್ಲವಿಗೆ ಶ್ರುತಿಯ ತಂತಿಯು ಹೊಂದಿದರೂ ಹೊಂದೀತು; ಎಡೆಬಿಡದೆ ಬೀಸುವ ಆ ಗಾಳಿಗೂ ಎಡೆಬಿಡದೆ ನುಡಿಯುವ ತಂತಿಗೂ ಏನೋ ಒಂದು ಒಪ್ಪಿಗೆ ಇದೆ. ರೀಮುರನ್ನು ಮಾತ್ರ ಅದರ ಮೆಟ್ಟಿಲುಗಳಿಗೆ ಕಟ್ಟಿ, ಇದೇ ಪ್ರಾಚೀನಮಾರ್ಗವೆಂದು ಮುದ್ರಿಕೆಯ ಹೊದಿಕೆಯ ಮೇಲೆ ಬರೆಯುವುದಾದರೆ, ಅಂತಹ ಮುದ್ರಿಕೆಯನ್ನು ತರಗತಿಯಲ್ಲಿ ಕೇಳಿಸುವ ಉಪಾಧ್ಯಾಯರು ಅದರ ಜೊತೆಗೆ ಈದುನ್ ಸಂಘದ ಒಂದೆರಡು ಮುದ್ರಣಗಳನ್ನೂ ಕೇಳಿಸಲಿ. ವಿದ್ಯಾರ್ಥಿಗಳು ಯಾವುದನ್ನು ಮೆಚ್ಚುವರೋ ಮೆಚ್ಚಲಿ. ಎರಡನ್ನೂ ಕೇಳಿದ ಮೇಲೆ ಯೋನಾಸನ ಲೇಖನವನ್ನು ಅವರ ಕೈಗೆ ಕೊಡಬಹುದು.